ಪಿಯಾನೋ ಕಲಿಯಲು ಕೀಬೋರ್ಡ್ ಕೊಳ್ಳುವಾಗ ಗಮನಿಸಬೇಕಾದದ್ದು

ಕೀಬೋರ್ಡಿನ ಪೆಟ್ಟಿಗೆಯ ಮೇಲೆ ನೂರಾರು ಟೋನ್‌ಗಳಿವೆ, ನೂರಾರು ರಿದಮ್‌ಗಳಿವೆ ಎಂದು ದಪ್ಪ ಅಕ್ಷರಗಳಲ್ಲಿ ಮುದ್ರಿಸಿರುತ್ತಾರೆ. ಟೋನ್ ಎಂದರೆ ಬೇರೆ ಬೇರೆ ವಾದ್ಯಗಳ ಧ್ವನಿ, ರಿದಮ್ ಎಂದರೆ ತಾನಾಗಿ ನುಡಿಯುವ ತಾಳ. ಪಿಯಾನೋ ವಿದ್ಯಾರ್ಥಿಗೆ ಅವುಗಳಲ್ಲಿ ಬೇಕಾಗುವುದು ಪಿಯಾನೋ ಟೋನ್ ಒಂದೇ. ಆದ್ದರಿಂದ ಆ ಅಂಕಿಗಳನ್ನು ಬದಿಗಿಟ್ಟು, ಕೀಗಳು ಬೆರಳಿಗೆ ಹೇಗೆ ಸ್ಪಂದಿಸುತ್ತವೆ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಪಿಯಾನೋದಲ್ಲಿ ಕೀ ಒತ್ತಿದಾಗ ಒಳಗಿನ ಸುತ್ತಿಗೆ ತಂತಿಗೆ ಬಡಿಯುತ್ತದೆ, ಬೆರಳಿನ ವೇಗಕ್ಕೆ ತಕ್ಕಂತೆ ನಾದ ಮೆದುವಾಗಿಯೋ ಜೋರಾಗಿಯೋ ಹೊಮ್ಮುತ್ತದೆ. ಹೇಗೆ ಒತ್ತಿದರೂ ಒಂದೇ ಪ್ರಮಾಣದ ಧ್ವನಿ ಕೊಡುವ ಕೀಬೋರ್ಡಿನಲ್ಲಿ ಈ ಹಿಡಿತ ಸಾಧಿಸಲು ಬರುವುದಿಲ್ಲ. ಅಂಗಡಿಯಲ್ಲಿ ರಿದಮ್ ನಿಲ್ಲಿಸಿ, ಪಿಯಾನೋ ಟೋನ್ ಆರಿಸಿ, ಒಂದೇ ಕೀಯನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಚುರುಕಾಗಿ ಒತ್ತಿ ನೋಡಿ. ವ್ಯತ್ಯಾಸ ಕೇಳಿಸದಿದ್ದರೆ ಟಚ್ ರೆಸ್ಪಾನ್ಸ್ (ಒತ್ತುವ ವೇಗಕ್ಕೆ ತಕ್ಕಂತೆ ಧ್ವನಿ ಬದಲಿಸುವ ಸೌಲಭ್ಯ) ಆಫ್ ಆಗಿದೆಯೇ ಎಂದು ವಿಚಾರಿಸಿ; ಆ ಸೌಲಭ್ಯವೇ ಇಲ್ಲವೆಂದಾದರೆ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳದಿರುವುದು ಲೇಸು. ಮಾಡೆಲ್ ಸಂಖ್ಯೆಯನ್ನೂ ಎಚ್ಚರದಿಂದ ಓದಬೇಕು: ಕ್ಯಾಸಿಯೋ ಸಿಟಿ-ಎಸ್200ರಲ್ಲಿ ಈ ಸೌಲಭ್ಯವಿಲ್ಲ, ನೋಡಲು ಹೆಚ್ಚುಕಡಿಮೆ ಅದರಂತೆಯೇ ಇರುವ ಸಿಟಿ-ಎಸ್300ರಲ್ಲಿ ಇದೆ.

ಟಚ್ ರೆಸ್ಪಾನ್ಸ್ ಬೇರೆ, ವೇಟೆಡ್ ಕೀ (ಪಿಯಾನೋದಂತೆ ಬೆರಳಿಗೆ ಭಾರವೆನಿಸುವ ಕೀ) ಬೇರೆ. ಮಾರುವವರು ಕೆಲವೊಮ್ಮೆ ಎರಡನ್ನೂ ಒಂದೇ ಎಂಬಂತೆ ಹೇಳುವುದುಂಟು. ಯಮಹಾ ಪಿ-145, ರೋಲೆಂಡ್ ಎಫ್‌ಪಿ-10ರಂತಹ 88 ಕೀಗಳ ಡಿಜಿಟಲ್ ಪಿಯಾನೋಗಳಲ್ಲಿ ಸುತ್ತಿಗೆಯ ಭಾರವನ್ನು ಅನುಕರಿಸುವ ವ್ಯವಸ್ಥೆಯಿದ್ದು, ಮಂದ್ರದ ಕೀಗಳು ತಾರದವುಗಳಿಗಿಂತ ಭಾರವಾಗಿರುತ್ತವೆ. ಹಣವೂ ಸ್ಥಳವೂ ಇದ್ದರೆ ನನ್ನ ಆಯ್ಕೆ ಇದೇ, ಏಕೆಂದರೆ ಹಗುರ ಕೀಗಳಿಗೆ ಒಗ್ಗಿದ ಬೆರಳುಗಳು ನಿಜವಾದ ಪಿಯಾನೋದ ಮುಂದೆ ಬೇಗ ದಣಿಯುತ್ತವೆ. ಇಲ್ಲವಾದರೆ ಪೂರ್ಣ ಗಾತ್ರದ 61 ಕೀಗಳ, ಅಂದರೆ ಐದು ಆಕ್ಟೇವ್‌ಗಳ, ಟಚ್ ರೆಸ್ಪಾನ್ಸ್ ಉಳ್ಳ ಕೀಬೋರ್ಡಿನಲ್ಲಿ ಆರಂಭದ ಪಾಠಗಳು ಸಾಗುತ್ತವೆ. ಮಕ್ಕಳ ಕೈ ಚಿಕ್ಕದೆಂದು ಮಿನಿ ಕೀಗಳ ವಾದ್ಯ ಕೊಡಿಸಬಾರದು. ಬೆರಳುಗಳ ನಡುವಿನ ಅಂತರದ ಅಭ್ಯಾಸವೇ ತಪ್ಪುತ್ತದೆ.

ಪರೀಕ್ಷೆಗೆ ಕೂರುವ ಉದ್ದೇಶವಿದ್ದರೆ ಗುರುಗಳನ್ನು ಮೊದಲೇ ಕೇಳಿಕೊಳ್ಳಿ. ಟ್ರಿನಿಟಿ ಕಾಲೇಜ್ ಲಂಡನ್‌ನ ಗ್ರೇಡ್ ಪರೀಕ್ಷೆಗಳಲ್ಲಿ ಪಿಯಾನೋ ಒಂದು ವಿಷಯ, ಎಲೆಕ್ಟ್ರಾನಿಕ್ ಕೀಬೋರ್ಡ್ ಇನ್ನೊಂದು, ಮತ್ತು ಎರಡಕ್ಕೂ ಪಠ್ಯಕ್ರಮ ಬೇರೆ. ಕೀಬೋರ್ಡ್ ವಿಷಯದವರಿಗೆ ರಿದಮ್‌ಗಳೂ ಆಟೋ ಅಕಂಪನಿಮೆಂಟೂ (ಕೀಬೋರ್ಡ್ ತಾನಾಗಿ ನುಡಿಸುವ ಹಿಮ್ಮೇಳ) ನಿಜಕ್ಕೂ ಬೇಕಾಗುತ್ತವೆ. ಕರ್ನಾಟಕ ಸಂಗೀತ ನುಡಿಸುವವರಿಗಂತೂ ಗಮಕಕ್ಕಾಗಿ, ಸ್ವರವನ್ನು ಮೇಲೆ ಕೆಳಗೆ ಜಾರಿಸುವ ಪಿಚ್ ಬೆಂಡ್ ಚಕ್ರ ಅಗತ್ಯ, ಪಿಯಾನೋ ವಿದ್ಯಾರ್ಥಿಗೆ ಅದರಿಂದ ಉಪಯೋಗವಿಲ್ಲ.

ಹಿಂಬದಿಯಲ್ಲಿ ಸಸ್ಟೇನ್ ಪೆಡಲಿನ (ಕೀ ಬಿಟ್ಟ ಮೇಲೂ ನಾದ ಉಳಿಸುವ ಪೆಡಲ್) ಸಾಕೆಟ್ ಮತ್ತು ಹೆಡ್‌ಫೋನ್ ಸಾಕೆಟ್ ಇರಲೇಬೇಕು. ಎರಡನೆಯದು ಅಪಾರ್ಟ್‌ಮೆಂಟಿನ ನೆರೆಹೊರೆಯವರ ನೆಮ್ಮದಿಗಾಗಿ. ಸ್ಟ್ಯಾಂಡಿನ ಎತ್ತರವನ್ನು ಕುಳಿತಾಗ ಮೊಣಕೈ ಕೀಗಳ ಮಟ್ಟಕ್ಕೆ ಬರುವಂತೆ ಹೊಂದಿಸಬೇಕು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಡತುದಿಯಿಂದ ಆರಂಭಿಸಿ ಕಪ್ಪು, ಬಿಳಿ ಎನ್ನದೆ ಪ್ರತಿ ಕೀಯನ್ನೂ ಒಂದೇ ಬಲದಿಂದ ಒತ್ತುತ್ತಾ ಹೋಗಬೇಕು. ಯಾವುದಾದರೂ ಕೀ ಮೌನವಾಗಿದ್ದರೆ ಅಥವಾ ಇದ್ದಕ್ಕಿದ್ದಂತೆ ಕಿರುಚಿದರೆ, ಕೀಯ ಕೆಳಗಿನ ರಬ್ಬರ್ ಕಾಂಟ್ಯಾಕ್ಟ್ ಸವೆದಿರುವ ಅಥವಾ ಧೂಳು ತುಂಬಿರುವ ಸಾಧ್ಯತೆಯಿದೆ. ರಿಪೇರಿ ಅಸಾಧ್ಯವೇನಲ್ಲ, ಆದರೆ ಆ ಖರ್ಚನ್ನು ಕಳೆದೇ ಬೆಲೆ ಮಾತಾಡಬೇಕು.