ಬೋರ್ಡಿನಲ್ಲಿ ಇಲ್ಲದ ರ‍್ಯಾಮ್‌ಗೆ ಲಿನಕ್ಸ್ ಬರೆಯುತ್ತಿದ್ದಾಗ

ಹುಬ್ಬಳ್ಳಿಯ ತಾರಿಹಾಳದ ಶೆಡ್ಡಿನಲ್ಲಿ ಜೋಡಿಸಿದ ಡೇಟಾ ಲಾಗರ್ ಬೋರ್ಡು. ಪ್ರೊಸೆಸರ್ ಎಎಂ3358, ಅದರ ಪಕ್ಕದಲ್ಲಿ 16 ಬಿಟ್‌ನ ಒಂದೇ ಡಿಡಿಆರ್3 ಚಿಪ್, 256 ಎಂಬಿ. ಗದಗದ ಕಪ್ಪತಗುಡ್ಡದ ಕಡೆ ಗಾಳಿಯಂತ್ರದ ಬುಡದ ತಗಡಿನ ಪೆಟ್ಟಿಗೆಯಲ್ಲಿ ಕೂರಬೇಕಾದದ್ದು. ಲಿನಕ್ಸ್ ಬೂಟ್ ಆಗುತ್ತಿತ್ತು, ಲಾಗಿನ್ ಬರುತ್ತಿತ್ತು. ದೊಡ್ಡ ಫೈಲ್ ಕಾಪಿ ಮಾಡಲು ಹಚ್ಚಿದರೆ ಮಾತ್ರ ಕರ್ನಲ್ ಊಪ್ಸ್ (ಲಿನಕ್ಸ್‌ನ ತಿರುಳಾದ ಕರ್ನಲ್ ಎಡವಿದಾಗ ಕೊಡುವ ದೋಷ ವರದಿ). ಒಮ್ಮೆ ಫೈಲ್ ಸಿಸ್ಟಂನಲ್ಲಿ, ಒಮ್ಮೆ ನೆಟ್‌ವರ್ಕ್ ಕೋಡಿನಲ್ಲಿ, ಇನ್ನೊಮ್ಮೆ ಬರೀ ಶೆಲ್‌ಗೆ ಸೆಗ್‌ಫಾಲ್ಟ್ (ಮೆಮೊರಿ ತಪ್ಪಿನಿಂದ ಪ್ರೋಗ್ರಾಂ ಬಿದ್ದುಹೋಗುವುದು).

ಊಪ್ಸ್ ಪ್ರತಿ ಸಲ ಒಂದೇ ಫಂಕ್ಷನ್ನಿನಲ್ಲಿ ಬಿದ್ದರೆ ಡ್ರೈವರ್ ಓದಬೇಕು. ಹೀಗೆ ಜಾಗ ಬದಲಿಸುತ್ತಿದ್ದರೆ ಕೋಡ್ ಮುಚ್ಚಿಟ್ಟು ಮೆಮೊರಿಯನ್ನೇ ಹಿಡಿಯಬೇಕು. ಬೂಟ್ ಹೊತ್ತಿನಲ್ಲಿ ಕರ್ನಲ್‌ಗೆ ಕೊಡುವ ಸೂಚನೆಗಳಾದ ಬೂಟ್ ಆರ್ಗ್ಸ್‌ಗೆ ‘ಮೆಮ್=128ಎಂ’ ಸೇರಿಸಿ ಲಿನಕ್ಸ್ ಮೊದಲ 128 ಎಂಬಿ ಮಾತ್ರ ಬಳಸುವಂತೆ ಮಾಡಿದೆ, ಊಪ್ಸ್ ನಿಂತಿತು. ಹಾಗಾದರೆ ಗಲಾಟೆ ಮೇಲಿನ ಭಾಗದ್ದು.

ಯು-ಬೂಟ್‌ನಲ್ಲಿ (ಲಿನಕ್ಸ್‌ಗೂ ಮೊದಲು ಓಡುವ ಬೂಟ್ ಲೋಡರ್) ನಿಲ್ಲಿಸಿ, ಮೊದಲು ಡೇಟಾ ಕ್ಯಾಶ್ (ಪ್ರೊಸೆಸರ್ ಒಳಗಿನ ಚಿಕ್ಕ ವೇಗದ ಮೆಮೊರಿ) ಆಫ್ ಮಾಡಿದೆ. ಇದನ್ನು ಮರೆತರೆ ಉತ್ತರ ಚಿಪ್‌ನಿಂದ ಬರುವುದಿಲ್ಲ, ಕ್ಯಾಶ್‌ನಿಂದ ಬರುತ್ತದೆ. ಎಲ್ಲಾ ಸರಿ ಇದೆ ಅನ್ನಿಸಿಬಿಡುತ್ತದೆ. ನಂತರ ಹೆಕ್ಸ್ ವಿಳಾಸ 82000000ಕ್ಕೆ 11111111 ಬರೆದೆ, 92000000ಕ್ಕೆ 22222222. ತಿರುಗಿ 82000000 ಓದಿದರೆ 22222222! ಎರಡು ವಿಳಾಸಕ್ಕೆ ಒಂದೇ ಕೋಶ.

ಕಾರಣ ಹೀಗೆ. ಸಾಫ್ಟ್‌ವೇರ್ ಎತ್ತಿಕೊಂಡದ್ದು ಇದೇ ಜಾತಿಯ ಪ್ರೊಸೆಸರ್ ಇರುವ ಸಿದ್ಧ ಬೋರ್ಡು ಬೀಗಲ್‌ಬೋನ್ ಬ್ಲಾಕ್‌ನಿಂದ, ಅದರಲ್ಲಿ 512 ಎಂಬಿ. ಆ ಗಾತ್ರದ ಚಿಪ್‌ಗೆ ರೋ ವಿಳಾಸದ (ಕೋಶಗಳ ಸಾಲನ್ನು ಆರಿಸುವ) ತಂತಿಗಳು ಎ14ರವರೆಗೆ ಬೇಕು. ನಮ್ಮ ಚಿಪ್‌ಗೆ ಎ13ರವರೆಗೆ ಸಾಕು. ಎ14ಕ್ಕೆ ಕೇಳುವವರೇ ಇಲ್ಲ, ಹೀಗಾಗಿ ಮೇಲಿನ 256 ಎಂಬಿ ಕೆಳಗಿನದರ ಮೇಲೇ ಬೀಳುತ್ತದೆ. ಫೈಲ್ ಕಾಪಿಯಲ್ಲಿ ಪೇಜ್ ಕ್ಯಾಶ್ (ಫೈಲ್‌ಗಳಿಗೆ ಕರ್ನಲ್ ಮೆಮೊರಿಯಲ್ಲಿ ಇಡುವ ಪ್ರತಿ) ತುಂಬುತ್ತಾ ಹೋದಂತೆ ಬೇರೆಯವರ ಪುಟಗಳು ಅಳಿಸಿಹೋಗುತ್ತವೆ, ಒಮ್ಮೊಮ್ಮೆ ಕರ್ನಲ್‌ನದ್ದೂ.

ಡಿವೈಸ್ ಟ್ರೀಯ (ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ಹೇಳುವ ಪಟ್ಟಿ) ಮೆಮೊರಿ ನೋಡ್‌ನಲ್ಲಿ ಹೆಕ್ಸ್ 20000000 (512 ಎಂಬಿ) ಇದ್ದದ್ದನ್ನು 10000000 (256 ಎಂಬಿ) ಮಾಡಿದರೂ ಫಲವಿಲ್ಲ. ಬೂಟ್ ಮಾಡುವಾಗ ಯು-ಬೂಟ್ ಆ ನೋಡ್ ಮೇಲೆ ತನ್ನ ಲೆಕ್ಕ ಬರೆಯುತ್ತದೆ. ಯು-ಬೂಟ್‌ನ ಮೂಲ ಕೋಡ್ ಮೆಮೊರಿಯ ಗಾತ್ರವನ್ನು ಅಳೆದೇ ಹೇಳುತ್ತದೆ. ನಮ್ಮ ಪ್ರತಿಯಲ್ಲಿ ಅದನ್ನು ತೆಗೆದು 512 ಎಂದು ಕೈಯಿಂದ ಹಾಕಲಾಗಿತ್ತು. ಅಳೆಯುವ ಸಾಲನ್ನು ವಾಪಸ್ ಹಾಕಿದ ಮೇಲೆ ಪ್ರೋಕ್‌ನ ಐಒಮೆಮ್ ಫೈಲಿನಲ್ಲಿ (/proc/iomem, ಕರ್ನಲ್ ಕಂಡ ವಿಳಾಸಗಳ ಪಟ್ಟಿ) ಸಿಸ್ಟಂ ರ‍್ಯಾಮ್ 80000000ದಿಂದ ಶುರುವಾಗಿ, 8ರ ಮುಂದೆ ಏಳು ಎಫ್ ಇರುವಲ್ಲಿ ಮುಗಿಯಿತು. ನೋಡಬೇಕಾದ ಜಾಗ ಅದೇ, ಡಿವೈಸ್ ಟ್ರೀ ಬರೆದಿಡುವ ಡಿಟಿಎಸ್ ಫೈಲ್ ಅಲ್ಲ.

ಬಿಸಿಲಿನಲ್ಲಿ ಬರುವ ತಪ್ಪಿನ ಲೆಕ್ಕ ಬೇರೆ. ಊಪ್ಸ್‌ನ ಪಾಯಿಂಟರ್ (ಮೆಮೊರಿ ವಿಳಾಸ) ಇರಬೇಕಾದ ಬೆಲೆಗಿಂತ ಒಂದೇ ಬಿಟ್ ತಪ್ಪಿದ್ದರೆ, ಅದೂ ಮಧ್ಯಾಹ್ನ ಮಾತ್ರ, ರಿಫ್ರೆಶ್ (ಮೆಮೊರಿ ಕೋಶಗಳಲ್ಲಿ ಸೋರುವ ಚಾರ್ಜನ್ನು ಮತ್ತೆ ತುಂಬುವ ಕೆಲಸ) ನೋಡಿ. ಅದು ಡಿಡಿಆರ್3ಗೆ 7.8 ಮೈಕ್ರೋಸೆಕೆಂಡಿಗೊಮ್ಮೆ, ಅಂದರೆ 400 ಮೆಗಾಹರ್ಟ್ಸ್‌ನಲ್ಲಿ 3120 ಕ್ಲಾಕ್. ಚಿಪ್‌ನ ಮೈ 85 ಡಿಗ್ರಿ ದಾಟಿದರೆ 3.9, ಅಂದರೆ 1560. ಏಪ್ರಿಲ್‌ನ ತಗಡಿನ ಪೆಟ್ಟಿಗೆಗೆ ನಾನು 1560 ಹಾಕಿಯೇ ಕಳಿಸುತ್ತೇನೆ. ವೇಗ ತುಸು ಕಡಿಮೆಯಾದರೆ ಲಾಗರ್‌ಗೆ ಏನೂ ಆಗುವುದಿಲ್ಲ. ಜೊತೆಗೆ ವಿರೆಫ್ (0, 1 ಎಂದು ಗುರುತಿಸಲು ಬಳಸುವ ಹೋಲಿಕೆಯ ವೋಲ್ಟೇಜ್) ಪೂರೈಕೆಯ ಅರ್ಧ ಇದೆಯೇ (1.5ಕ್ಕೆ 0.75 ವೋಲ್ಟ್), ಝಡ್‌ಕ್ಯೂ ರೆಸಿಸ್ಟರ್ (ಚಿಪ್ ತನ್ನ ಔಟ್‌ಪುಟ್ ಹೊಂದಿಸಿಕೊಳ್ಳಲು ಬಳಸುವುದು) ಒಂದು ಶೇಕಡಾ ನಿಖರತೆಯ 240 ಓಮ್ ಹೌದೇ ಎಂದು ಮೀಟರ್ ಇಟ್ಟು ನೋಡಿ, ರಾತ್ರಿಯಿಡೀ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟರ್.

ಇಷ್ಟಾದ ಮೇಲೂ ಎಡಿಸಿ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್) ರೀಡಿಂಗ್‌ಗಳಲ್ಲಿ ಆಗಾಗ ಹಳೆಯ ಬೆಲೆಗಳು ನುಸುಳುತ್ತಿದ್ದವು. ಕರ್ನಲ್‌ನ ಮೆಮೊರಿ ತಪ್ಪು ಹಿಡಿಯುವ ಸಾಧನ ಕಾಸಾನ್ ಮೌನ. ಅದು ಸಿಪಿಯು ಮಾಡುವ ತಪ್ಪನ್ನು ಹಿಡಿಯುತ್ತದೆ, ಡಿಎಂಎ (ಸಿಪಿಯು ಇಲ್ಲದೆ ನೇರ ಮೆಮೊರಿಗೆ ಬರೆಯುವ ಭಾಗ) ಮಾಡುವುದು ಅದಕ್ಕೆ ಕಾಣುವುದಿಲ್ಲ. ಎಸ್‌ಪಿಐ (ಎಡಿಸಿಯಿಂದ ಡೇಟಾ ಬರುವ ಸಂಪರ್ಕ) ಬಫರ್ ಡ್ರೈವರ್‌ನ ಸ್ಟ್ರಕ್ಟ್ ಒಳಗೆ ಒಂದು ಕೌಂಟರ್‌ಗೆ ಅಂಟಿಕೊಂಡಿತ್ತು. ಈ ಪ್ರೊಸೆಸರ್‌ನ ಕ್ಯಾಶ್ ಲೈನ್ (ಕ್ಯಾಶ್ ಒಮ್ಮೆಗೆ ಎತ್ತುವ, ಇಳಿಸುವ ತುಂಡು) 64 ಬೈಟ್. ಡಿಎಂಎ ನಡೆಯುವಾಗ ಸಿಪಿಯು ಕೌಂಟರ್ ಏರಿಸಿದರೆ ಲೈನ್ ಪೂರ್ತಿ ಮೆಮೊರಿಗೆ ವಾಪಸ್ ಹೋಗುತ್ತದೆ, ಹೊಸ ರೀಡಿಂಗ್ ಮೇಲೆ ಹಳೆಯದು ಕೂರುತ್ತದೆ. ಬಫರನ್ನು ಸ್ಟ್ರಕ್ಟ್‌ನ ಕೊನೆಗೆ ಸರಿಸಿ 64 ಬೈಟ್‌ಗೆ ಅಲೈನ್ ಮಾಡಿದೆ, ಹಳೆಯ ಬೆಲೆಗಳು ನಿಂತವು.