ಕೆಟ್ಟ ತೋಟಾ ಮೇಜಿನ ಮೇಲೇ ಸಿಗುತ್ತದೆ: ನನ್ನ ಅನುಭವ

ಕಾರ್ಖಾನೆಯಿಂದ ಬಂದ ಬಂದೂಕಿನ ತೋಟಾವನ್ನು (ಕೇಸ್ ಅನ್ನೋ ಹಿತ್ತಾಳೆ ಕೊಳವೆ, ಅದರೊಳಗೆ ಸಿಡಿಮದ್ದು, ತುದಿಯಲ್ಲಿ ಬುಲೆಟ್, ತಳದಲ್ಲಿ ಮದ್ದು ಹೊತ್ತಿಸುವ ಪ್ರೈಮರ್) ಒಂದೊಂದಾಗಿ ನೋಡುತ್ತಾ ಕೂರೋದು ಸುಮ್ನೆ ಟೈಮ್ ವೇಸ್ಟ್ ಅಂತ ಜೊತೆಯವರು ಹೇಳುತ್ತಲೇ ಇದ್ದರು. ಈಗ ಅವರೇ ಡಬ್ಬಿ ತಂದು ನನ್ನ ಮುಂದೆ ಇಡುತ್ತಾರೆ.

ಅವರ ಮನಸ್ಸು ಬದಲಾಗಿದ್ದು ಒಂದು .308 (ರೈಫಲ್‌ನ ಒಂದು ಅಳತೆ) ತೋಟಾದಿಂದ. ಹೊಸ ಡಬ್ಬಿ, ಹಿತ್ತಾಳೆ ಹೊಳೆಯುತ್ತಿತ್ತು. ತಳದ ಮೇಲೆ ಬೆರಳು ಆಡಿಸಿದರೆ ಪ್ರೈಮರ್ ಉಗುರಿಗೆ ತಡೆಯಿತು. ಗಾಜಿನ ಮೇಲೆ ನಿಲ್ಲಿಸಿದೆ, ಅಲುಗಾಡಿತು. ಪಕ್ಕದವೆಲ್ಲ ಗಟ್ಟಿಯಾಗಿ ನಿಂತಿದ್ದವು. ಪ್ರೈಮರ್ ತಳಕ್ಕಿಂತ ಒಂದು ಚೂರು, ಹೆಚ್ಚುಕಮ್ಮಿ 0.1 ಮಿ.ಮೀ. ಒಳಗೇ ಕೂತಿರಬೇಕು. ಇದು ಹೊರಗೆ ಉಬ್ಬಿತ್ತು. ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಸೆಮಿ ಆಟೋ ರೈಫಲ್‌ನಲ್ಲಿ ಇಂಥದ್ದನ್ನು ಹಾಕಿದರೆ, ತೋಟಾದ ಹಿಂದೆ ಮುಚ್ಚುವ ಬೋಲ್ಟ್ ಪೂರ್ತಿ ಲಾಕ್ ಆಗುವ ಮೊದಲೇ ಗುಂಡು ಹಾರಬಹುದು. ಅದನ್ನು ಎಲ್ಲರ ಕೈಗೂ ಕೊಟ್ಟೆ. ಆಮೇಲೆ ಯಾರೂ ವಾದ ಮಾಡಲಿಲ್ಲ.

ಬುಲೆಟ್ ಕೇಸಿನ ಒಳಗೆ ಸರಿದಿದೆಯಾ ಅಂತ ನೋಡೋಕೆ ಕ್ಯಾಲಿಪರ್ ಥರದ ಅಳತೆ ಸಾಧನ ಬೇಕಿಲ್ಲ. ಹತ್ತು ಹನ್ನೆರಡು ತೋಟಾ ಸಾಲಾಗಿ ನಿಲ್ಲಿಸಿ, ತುದಿಗಳ ಮೇಲೆ ಸ್ಟೀಲ್ ಸ್ಕೇಲ್ ಇಡಿ. ಗಿಡ್ಡದು ತಾನೇ ಕಾಣುತ್ತದೆ. ಹೆಬ್ಬೆರಳಲ್ಲಿ ಒತ್ತಿದರೆ ಬುಲೆಟ್ ಅಲುಗುತ್ತದಾ? ಅದು ಅಲ್ಲಿಗೇ ಮುಗಿಯಿತು, ಎತ್ತಿಡಿ. ಒಳಗೆ ಸರಿದ ಬುಲೆಟ್, ಗುಂಡು ಹಾರುವಾಗಿನ ಒತ್ತಡವನ್ನು ಅಪಾಯದ ಮಟ್ಟಕ್ಕೆ ಏರಿಸಬಹುದು. ಕೇಸಿನ ಕತ್ತಿನಲ್ಲಿರೋ ಸಣ್ಣ ಸೀಳು ಮೇಲುನೋಟಕ್ಕೆ ಸಿಗಲ್ಲ. ಟಾರ್ಚನ್ನು ಓರೆಯಾಗಿ ಹಿಡಿದು ತೋಟಾ ತಿರುಗಿಸಬೇಕು. ಹಸಿರು ಕಿಲುಬು ಒರೆಸಿದರೆ ಹೋಗಬೇಕು. ಕೆಳಗೆ ಗುಳಿ ಬಿದ್ದಿದ್ದರೆ ಬೇಡ.

ಮದ್ದು ಕಮ್ಮಿ ಇರೋ ತೋಟಾವನ್ನು ತೂಕ ನೋಡಿ ಹಿಡಿಯಬಹುದು ಅಂತ ಹೇಳುವವರ ಮಾತು ಕೇಳಿ ಒಳ್ಳೆಯ ಡಿಜಿಟಲ್ ತಕ್ಕಡಿಗೆ ದುಡ್ಡು ಹಾಕಿದೆ. ನಾಲ್ಕೈದು ಡಬ್ಬಿ ಗುಂಡು ಬರುತ್ತಿತ್ತು ಆ ದುಡ್ಡಿಗೆ. .308 ತೋಟಾ ಸುಮಾರು 24 ಗ್ರಾಂ, ಅದರಲ್ಲಿ ಮದ್ದು 3 ಗ್ರಾಂಗಿಂತ ಕಡಿಮೆ. ಮದ್ದೇ ಇಲ್ಲದ ತೋಟಾ ಎದ್ದು ಕಾಣುತ್ತದೆ. ಮದ್ದು ಸ್ವಲ್ಪ ಕಮ್ಮಿ ಇದ್ದರೆ, ಕೇಸ್ ತೂಕದ ಏರುಪೇರಿನಲ್ಲೇ ಮುಚ್ಚಿಹೋಗುತ್ತದೆ. .22ರಂಥ ಪುಟ್ಟ ತೋಟಾದಲ್ಲಂತೂ ಮದ್ದೇ 0.1 ಗ್ರಾಂ ಆಸುಪಾಸು, ಆ ಲೆಕ್ಕ ನಡೆಯೋದೇ ಇಲ್ಲ. ಕಿವಿಯ ಹತ್ತಿರ ಅಲುಗಾಡಿಸಿ ಕೇಳೋದೂ ಅಷ್ಟೇ. ಕೇಸ್ ತುಂಬ ಮದ್ದಿದ್ದರೆ ಒಳ್ಳೆಯದೂ ಸದ್ದು ಮಾಡಲ್ಲ.

ಇನ್ನೊಂದು ಪ್ರಯೋಗ ಮಾಡಿದೆ. ಎಣ್ಣೆ ತಾಗಿದರೆ ಪ್ರೈಮರ್ ಸತ್ತುಹೋಗುತ್ತದೆ ಅಂತಾರಲ್ವಾ? ಖಾಲಿ ಕೇಸಿಗೆ ಹೊಸ ಪ್ರೈಮರ್ ಕೂರಿಸಿ, ಎಣ್ಣೆ ಬಿಟ್ಟು ಕೆಲವು ದಿನ ಇಟ್ಟು, ರೇಂಜಿನಲ್ಲೇ ರೈಫಲ್‌ಗೆ ಹಾಕಿ ಹೊಡೆದೆ. ಜಾಸ್ತಿ ಪಾಲು ಟಪ್ ಅಂತ ಹೊತ್ತಿಕೊಂಡವು. ಎಣ್ಣೆಯಲ್ಲಿ ನೆನೆಸಿಟ್ಟಿದ್ದೇನೆ, ಇನ್ನು ಭಯವಿಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಹೊಡೆದ ಕೇಸನ್ನು ಮತ್ತೆ ತುಂಬಿ ಬಳಸುವವರು ತಳದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಹುಡುಕಿ. ಕಂಡರೆ ಕೊಕ್ಕೆ ಬಗ್ಗಿಸಿದ ತಂತಿ ಒಳಗೆ ಇಳಿಸಿ ಗೋಡೆ ಸವರಿ. ಕೊಕ್ಕೆ ತಡೆದರೆ ಅಲ್ಲಿ ಕೇಸ್ ತೆಳುವಾಗಿದೆ, ಮುಂದಿನ ಈಡಿಗೆ ಎರಡು ತುಂಡಾಗಬಹುದು. ತಂತಿ ಯಾವುದು, ತುದಿ ಹೇಗೆ ಮಸೆದಿದ್ದೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ತುಂಬ ಕೇಸು ಕೆಡಿಸಿ ಕಲಿತದ್ದು ಅದು.

ಇಷ್ಟು ನೋಡಿದರೂ ಕೆಲವು ತಪ್ಪಿಸಿಕೊಳ್ಳುತ್ತವೆ. ಕುದುರೆ (ಟ್ರಿಗರ್) ಎಳೆದು ಬರೀ ಟಕ್ ಅಂದರೆ, ರೈಫಲ್ ಬಾಯಿ ಗುರಿಯ ಕಡೆಗೇ ಇರಲಿ. 30 ಸೆಕೆಂಡು ಕಾಯಿರಿ ಅಂತ ನಿಯಮ, ನಾನು ಪೂರ್ತಿ ಒಂದು ನಿಮಿಷ ಕಾಯುತ್ತೇನೆ. ಮುಖ ಪಕ್ಕಕ್ಕೆ ತಂದು ಬೋಲ್ಟ್ ತೆಗೆಯುತ್ತೇನೆ. ಆಮೇಲೆ ಪ್ರೈಮರ್ ಮೇಲಿನ ಗುಳಿ ನೋಡಬೇಕು. ಆಳವಾಗಿದ್ದರೆ ಸಾಮಾನ್ಯವಾಗಿ ತೋಟಾದ ತಪ್ಪು. ಆಳವಿಲ್ಲದಿದ್ದರೆ ರೈಫಲ್ ಕಡೆ ನೋಡಿ, ಸ್ಪ್ರಿಂಗ್ ಸೋತಿರಬಹುದು ಅಥವಾ ಬೋಲ್ಟ್ ಒಳಗೆ ಎಣ್ಣೆ ಗಟ್ಟಿಯಾಗಿರಬಹುದು. ಒಬ್ಬರು ಗುಂಡು ಸರಿಯಿಲ್ಲ ಅಂತ ಡಬ್ಬಿಗಟ್ಟಲೆ ಎತ್ತಿಟ್ಟಿದ್ದರು. ಬೋಲ್ಟ್ ಬಿಚ್ಚಿ ತೊಳೆದ ಮೇಲೆ ಅದೇ ಡಬ್ಬಿಯ ಹೊಸ ತೋಟಾಗಳು ಒಂದೂ ಕೈಕೊಡಲಿಲ್ಲ.

ಪುಸ್ ಅಂತ ಸದ್ದು ಬಂದು ಭುಜಕ್ಕೆ ಒದೆತ ಬರದಿದ್ದರೆ ಮುಂದಿನ ಗುಂಡು ಹೊಡೆಯಲೇಬೇಡಿ. ಖಾಲಿ ಮಾಡಿ, ಬೋಲ್ಟ್ ತೆಗೆದು, ತೋಟಾ ಕೂರುವ ಚೇಂಬರ್ ಕಡೆಯಿಂದ ನಳಿಗೆಯೊಳಗೆ ಬೆಳಕು ಕಾಣುತ್ತದಾ ನೋಡಿ. ಬುಲೆಟ್ ನಳಿಗೆಯಲ್ಲೇ ಸಿಕ್ಕಿದ್ದರೆ ಮುಂದಿನ ಈಡು ಬ್ಯಾರೆಲ್ಲನ್ನು ಉಬ್ಬಿಸುತ್ತದೆ, ಇಲ್ಲವೇ ಸೀಳುತ್ತದೆ. ಹೊಸ ಬ್ಯಾರೆಲ್ ಹಾಕಿಸೋ ಖರ್ಚಿನ ಮುಂದೆ ಒಂದು ಡಬ್ಬಿ ಗುಂಡು ಯಾವ ಲೆಕ್ಕ?

ತೆಗೆದಿಟ್ಟವನ್ನು ಗುರುತು ಹಾಕಿದ ಬೇರೆ ಡಬ್ಬಿಗೆ ಹಾಕಿ ಬೀಗದೊಳಗೆ ಇಡುತ್ತೇನೆ. ಕಸಕ್ಕೆ ಹಾಕೋದು, ಸುಡೋದು, ಕುತೂಹಲಕ್ಕೆ ಬಿಚ್ಚೋದು ಯಾವುದೂ ಇಲ್ಲ. ಲೈಸೆನ್ಸ್ ಇರುವ ಅಂಗಡಿಯವರಿಗೋ ಪೊಲೀಸರಿಗೋ ಮೊದಲೇ ಫೋನ್ ಮಾಡಿ, ಕೇಳಿಕೊಂಡು ಒಪ್ಪಿಸುತ್ತೇನೆ. ಲಾಟ್ ನಂಬರ್ (ಯಾವ ಕಂತಿನಲ್ಲಿ ತಯಾರಾದದ್ದು ಅನ್ನೋ ಸಂಖ್ಯೆ) ಇರುವ ರಟ್ಟನ್ನು ಕೊನೆಯ ಗುಂಡು ಮುಗಿಯುವವರೆಗೆ ಬಿಸಾಡಲ್ಲ. ಮೊದಲೊಮ್ಮೆ ಆ ರಟ್ಟು ಇರಲಿಲ್ಲ, ಮಾರಿದವರು ನನ್ನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ. ಆ .308ರ ಸಲ ರಟ್ಟು, ಫೋಟೋ, ಎತ್ತಿಟ್ಟ ತೋಟಾ ಮೂರೂ ಇದ್ದವು. ಅದೇ ಲಾಟಿನ ಉಳಿದ ಡಬ್ಬಿಗಳನ್ನೂ ವಾಪಸ್ ತೆಗೆದುಕೊಂಡು, ಒಂದು ಪೈಸೆ ಕೇಳದೆ ಬೇರೆ ಲಾಟ್ ಕೊಟ್ಟರು.