ಗ್ವಾಟೆಮಾಲಾದಲ್ಲಿ ಸ್ಪ್ಯಾನಿಷ್ ಕಲಿತ ಬಗೆ: ನನ್ನ ಅನುಭವ

ಲ್ಯಾಟಿನ್ ಅಮೆರಿಕದ ದೀರ್ಘ ಪ್ರವಾಸಕ್ಕೆ ಹೊರಟಾಗ, ಮೊದಲು ಒಂದು ಊರಿನಲ್ಲಿ ನಿಂತು ಭಾಷೆ ಕಲಿತು ಆಮೇಲೆ ತಿರುಗಾಡುವುದೆಂದು ನಿಶ್ಚಯಿಸಿದ್ದೆ. ಅದಕ್ಕಾಗಿ ನಾನು ಆರಿಸಿಕೊಂಡ ದೇಶ ಗ್ವಾಟೆಮಾಲಾ. ಅಲ್ಲಿನ ಭಾಷಾಶಾಲೆಗಳಲ್ಲಿ ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕರಿರುತ್ತಾರೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ನಾಲ್ಕೈದು ಗಂಟೆ ಪಾಠ ನಡೆಯುತ್ತದೆ. ಉಳಿದ ಹೊತ್ತು ಶಾಲೆಯವರೇ ಗೊತ್ತುಮಾಡಿಕೊಡುವ ಒಂದು ಕುಟುಂಬದ ಮನೆಯಲ್ಲಿ ಊಟ, ವಸತಿ. ಸ್ಪೇನ್‌ನಲ್ಲಿ ಒಂದು ತರಗತಿಯಲ್ಲಿ ಹತ್ತಾರು ಜನರೊಡನೆ ಕೂರಲು ಕೊಡಬೇಕಾದ ಶುಲ್ಕಕ್ಕಿಂತ ಬಹಳ ಕಡಿಮೆ ಖರ್ಚಿನಲ್ಲಿ ಇಲ್ಲಿ ಒಬ್ಬ ಶಿಕ್ಷಕರ ಪೂರ್ಣ ಗಮನ ಸಿಗುತ್ತದೆ.

ಹೆಚ್ಚಿನವರು ಮೊದಲು ಹೋಗುವುದು ಆಂತಿಗ್ವಾ ಎಂಬ ಹಳೆಯ ರಾಜಧಾನಿಗೆ. 1773ರ ಭೂಕಂಪದಲ್ಲಿ ಹಾಳಾದ ಚರ್ಚುಗಳು, ಕಲ್ಲು ಹಾಸಿದ ಬೀದಿಗಳು, ತಲೆಯೆತ್ತಿದರೆ ಕಾಣುವ ಜ್ವಾಲಾಮುಖಿಗಳು ಎಲ್ಲವೂ ಸೇರಿ ಊರು ಅತ್ಯಂತ ಸುಂದರವಾಗಿದೆ. ಆದರೆ ಪ್ರವಾಸಿಗರು ಹೆಚ್ಚಿರುವುದರಿಂದ ಅಂಗಡಿ, ಹೋಟೆಲುಗಳಲ್ಲಿ ಇಂಗ್ಲಿಷ್ ಸಲೀಸಾಗಿ ನಡೆಯುತ್ತದೆ, ಕಲಿಯುವವರಿಗೆ ಅದೇ ತೊಡಕು. ಅಲ್ಲಿ ಮೂಲಪಾಠಗಳನ್ನು ಮುಗಿಸಿಕೊಂಡು ನಾನು ಪಶ್ಚಿಮದ ಬೆಟ್ಟಸೀಮೆಯ ಕೆತ್ಸಾಲ್ತೆನಾಂಗೊಗೆ ಹೋದೆ. ಅಲ್ಲಿನವರು ಅದನ್ನು ಶೆಲಾ ಎಂದೇ ಕರೆಯುತ್ತಾರೆ. ಸಮುದ್ರಮಟ್ಟದಿಂದ ಸುಮಾರು 2,330 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ರಾತ್ರಿಯ ಚಳಿ ಜೋರು. ಸ್ವೆಟರ್ ಇಲ್ಲದೆ ಹೋಗಬಾರದು. ದುಡಿಯುವ ಜನರ, ವಿದ್ಯಾರ್ಥಿಗಳ ದೊಡ್ಡ ಊರು ಇದಾದ್ದರಿಂದ ಮಾರುಕಟ್ಟೆಯಲ್ಲಿ, ಬಸ್ಸಿನಲ್ಲಿ, ಔಷಧಿ ಅಂಗಡಿಯಲ್ಲಿ ಸ್ಪ್ಯಾನಿಷ್ ಬಿಟ್ಟರೆ ಬೇರೆ ದಾರಿಯಿರಲಿಲ್ಲ, ಮತ್ತು ನನ್ನ ಕಲಿಕೆ ನಿಜವಾಗಿ ವೇಗ ಪಡೆದದ್ದು ಅಲ್ಲಿಯೇ.

ಪಾಠದ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶಾಲೆಯೆಂದರೆ ಒಂದು ಹಳೆಯ ತೊಟ್ಟಿಮನೆ. ಅಂಗಳದ ಸುತ್ತಲಿನ ಜಗಲಿಯಲ್ಲಿ ಸಣ್ಣ ಸಣ್ಣ ಮೇಜುಗಳು, ಪ್ರತಿ ಮೇಜಿಗೆ ಎದುರುಬದುರಾಗಿ ಎರಡು ಕುರ್ಚಿ. ಬೆಳಿಗ್ಗೆ ಕುಳಿತೊಡನೆ ಶಿಕ್ಷಕಿ ಹಿಂದಿನ ದಿನ ನಾನು ಏನೇನು ಮಾಡಿದೆನೆಂದು ಕೇಳುತ್ತಿದ್ದರು. ನಾನು ಹೇಳುತ್ತಿರುವಾಗ ನಡುವೆ ತಡೆಯದೆ, ತಪ್ಪಿದ ವಾಕ್ಯಗಳನ್ನು ಒಂದು ಹಾಳೆಯಲ್ಲಿ ಎಡಗಡೆ ಬರೆದುಕೊಂಡು, ಮಾತು ಮುಗಿದ ಮೇಲೆ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿ, ಬಲಗಡೆ ಸರಿಯಾದ ರೂಪವನ್ನು ನನ್ನಿಂದಲೇ ಬರೆಸುತ್ತಿದ್ದರು. ಮರುದಿನದ ಪ್ರಶ್ನೆಗಳು ಆ ಹಾಳೆಯಿಂದಲೇ ಹುಟ್ಟುತ್ತಿದ್ದವು. ಈ ಪದ್ಧತಿ ಎಲ್ಲ ಶಿಕ್ಷಕರಿಗೂ ತಾನಾಗಿ ಬರುವುದಿಲ್ಲ. ಕೆಲವರು ವ್ಯಾಕರಣದ ಪಟ್ಟಿಗಳನ್ನು ತುಂಬಿಸುವುದರಲ್ಲೇ ಹೊತ್ತು ಕಳೆಯುತ್ತಾರೆ, ಕೆಲವರು ಹರಟೆಯಲ್ಲಿ. ಹೇಗೆ ತಿದ್ದಬೇಕೆಂದು ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದು. ವಾರದ ಕೊನೆಗೆ ಶಿಕ್ಷಕರನ್ನು ಬದಲಾಯಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ, ಅದಕ್ಕೆ ಸಂಕೋಚಪಡಬೇಕಾಗಿಲ್ಲ.

ಕನ್ನಡಿಗರಿಗೆ ನಾನು ಒತ್ತಿ ಹೇಳಬೇಕೆಂದಿರುವುದು ಇದು: ಸ್ಪ್ಯಾನಿಷನ್ನು ಇಂಗ್ಲಿಷಿನ ಮೂಲಕ ಕಲಿಯಬೇಡಿ, ಕನ್ನಡದ ಮೇಲೆ ನಿಂತು ಕಲಿಯಿರಿ. ಪಠ್ಯಪುಸ್ತಕಗಳು ಇಂಗ್ಲಿಷ್ ಬಲ್ಲವರಿಗೆ ಎಲ್ಲೆಲ್ಲಿ ಕಷ್ಟವೆಂದು ಪುಟಗಟ್ಟಲೆ ವಿವರಿಸುತ್ತವೆಯೋ ಅಂಥ ಎಷ್ಟೋ ಕಡೆ ನಮಗೆ ಕಷ್ಟವೇ ಇಲ್ಲ. 'ಮೆ ಗುಸ್ತಾ' ಎಂಬುದು ನಮ್ಮ 'ನನಗೆ ಇಷ್ಟ' ಎಂಬುದರ ರಚನೆಯೇ. ಕ್ರಿಯಾಪದದ ಕೊನೆಯಲ್ಲೇ ನಾನು, ನೀನು, ಅವರು ಎಂಬುದು ತಿಳಿಯುವುದರಿಂದ ಸರ್ವನಾಮವನ್ನು ಬಿಟ್ಟು ಮಾತಾಡುವುದು ಎರಡೂ ಭಾಷೆಗಳ ರೂಢಿ. 'ಫುಯಿ', 'ಇಬಾ' ಎಂಬ ಎರಡು ಭೂತಕಾಲಗಳ ವ್ಯತ್ಯಾಸಕ್ಕೆ ಇಂಗ್ಲಿಷ್ ಮಾತಾಡುವ ಸಹಪಾಠಿಗಳು ಒದ್ದಾಡುತ್ತಿದ್ದರೆ, 'ಹೋದೆ', 'ಹೋಗುತ್ತಿದ್ದೆ' ಎಂದು ಮನಸ್ಸಿನಲ್ಲಿ ಹೇಳಿಕೊಂಡರೆ ನನಗೆ ಬಹುಪಾಲು ಸರಿಯಾದ ಉತ್ತರ ಸಿಗುತ್ತಿತ್ತು. ಹಾರೈಕೆ, ಆಸೆ, ಸಂಶಯಗಳನ್ನು ಹೇಳುವಾಗ ಬರುವ ಸಬ್ಜಂಕ್ಟಿವ್ ಎಂಬ ಕ್ರಿಯಾರೂಪವೆಂದರೆ ಎಲ್ಲರೂ ಹೆದರುತ್ತಾರೆ. ಬೀಳ್ಕೊಡುವಾಗ ಗ್ವಾಟೆಮಾಲಾದವರು ಹೇಳುವ 'ಕೆ ಲೆ ವಾಯಾ ಬಿಯೆನ್' ಎಂಬ ಹಾರೈಕೆಯ ಕ್ರಿಯಾಪದ ನಮ್ಮ 'ಒಳ್ಳೆಯದಾಗಲಿ' ಎಂಬ ವಿಧ್ಯರ್ಥಕ ರೂಪದ ಕೆಲಸವನ್ನೇ ಮಾಡುತ್ತದೆ. ಅಲ್ಲಿಂದ ಶುರುಮಾಡಿದರೆ ಆ ಅಧ್ಯಾಯದ ಅರ್ಧ ಭಯ ಹೋಗುತ್ತದೆ.

ಉಚ್ಚಾರಣೆಯಲ್ಲೂ ನಮಗೆ ಅನುಕೂಲವಿದೆ. ಸ್ಪ್ಯಾನಿಷಿನಲ್ಲಿ ನಾಲಿಗೆ ಹಲ್ಲಿಗೆ ತಾಗುವ ತ, ದ ಇವೆ, ಟ, ಡ ಇಲ್ಲ. ಇಂಗ್ಲಿಷ್ ಓದಿದ ಅಭ್ಯಾಸದಿಂದ ಟ, ಡ ಎನ್ನುವುದನ್ನು ಬಿಟ್ಟರೆ ಸಾಕು, ಶಿಕ್ಷಕರು ಮೆಚ್ಚುತ್ತಾರೆ. ನಿಜವಾದ ಶ್ರಮ ಬೇಕಾಗುವುದು ಬೇರೆ ಕಡೆ. ನಮ್ಮಲ್ಲಿ ಹ್ರಸ್ವ, ದೀರ್ಘಗಳಿಂದ ಅರ್ಥ ಬದಲಾಗುತ್ತದೆ, ಅವರಲ್ಲಿ ಪದದ ಯಾವ ಅಕ್ಷರದ ಮೇಲೆ ಒತ್ತು ಬೀಳುತ್ತದೆ ಎಂಬುದರಿಂದ. 'ಆಬ್ಲೊ' ಎಂಬಲ್ಲಿ ಒತ್ತು ಮೊದಲಕ್ಷರಕ್ಕೆ ಬಿದ್ದರೆ 'ಮಾತಾಡುತ್ತೇನೆ', ಕೊನೆಯ ಅಕ್ಷರಕ್ಕೆ ಬಿದ್ದರೆ 'ಅವನು ಮಾತಾಡಿದ' ಅಥವಾ 'ಅವಳು ಮಾತಾಡಿದಳು'. ಇದಕ್ಕಾಗಿ ಪ್ರತಿದಿನ ಒಂದು ಪುಟವನ್ನು ಶಿಕ್ಷಕಿಯ ಎದುರು ಗಟ್ಟಿಯಾಗಿ ಓದುತ್ತಿದ್ದೆ. ವಸ್ತುಗಳಿಗೂ ಸ್ತ್ರೀ, ಪುರುಷ ಭೇದವಿರುವುದು ಇನ್ನೊಂದು ತೊಡಕು. ಕನ್ನಡದಲ್ಲಿ ಮೇಜು, ಕೈ ಎಲ್ಲವೂ 'ಅದು'. ಹಾಗಾಗಿ ಮೇಜಿಗೆ 'ಮೆಸಾ' ಎಂದಷ್ಟೇ ಬರೆದುಕೊಳ್ಳದೆ, ಸ್ತ್ರೀಲಿಂಗವನ್ನು ಸೂಚಿಸುವ 'ಲಾ' ಸೇರಿಸಿ 'ಲಾ ಮೆಸಾ' ಎಂದೇ ಬರೆದುಕೊಂಡು ಬಾಯಿಪಾಠ ಮಾಡಬೇಕು.

ಯಾರನ್ನು ಹೇಗೆ ಮಾತಾಡಿಸಬೇಕು ಎಂಬುದನ್ನೂ ಆಯಾ ದೇಶದಲ್ಲೇ ಕಲಿಯಬೇಕು. ಗ್ವಾಟೆಮಾಲಾದಲ್ಲಿ 'ನೀವು' ಎಂಬರ್ಥದ 'ಉಸ್ತೆದ್' ಬಳಕೆ ಬಹಳ ಹೆಚ್ಚು, ಗೆಳೆಯರ ನಡುವೆ 'ನೀನು' ಎಂಬರ್ಥದ 'ವೋಸ್'. ಸ್ಪೇನ್‌ನ ಪುಸ್ತಕಗಳಲ್ಲಿ 'ನೀವೆಲ್ಲ' ಎಂಬರ್ಥದಲ್ಲಿ ಬರುವ 'ವೋಸೋತ್ರೋಸ್' ಇಲ್ಲಿನ ದಿನನಿತ್ಯದ ಮಾತಿನಲ್ಲಿಲ್ಲ. ಹಿರಿಯರಿಗೆ ಬಹುವಚನ ಹಚ್ಚಿ ಬೆಳೆದ ನಮಗೆ ಎಲ್ಲಿ ಉಸ್ತೆದ್ ಬೇಕೆಂದು ಹೇಳಿಕೊಡಬೇಕಾದ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಮಧ್ಯಾಹ್ನದ ನಂತರದ ಶಾಲೆಯೆಂದರೆ ಮನೆ. ಕುಟುಂಬಕ್ಕೆ ನಿಮ್ಮ ಆಹಾರಪದ್ಧತಿಯನ್ನು ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. 'ಕಾರ್ನೆ' (ಮಾಂಸ) ತಿನ್ನುವುದಿಲ್ಲ ಎಂದಷ್ಟೇ ಹೇಳಿದರೆ ತಟ್ಟೆಗೆ ಕೋಳಿ ಬರುವುದು ಸಹಜ, ಏಕೆಂದರೆ ದಿನಬಳಕೆಯಲ್ಲಿ ಆ ಮಾತು ದನ, ಹಂದಿಯ ಮಾಂಸಕ್ಕಷ್ಟೇ ಅನ್ವಯಿಸುವುದುಂಟು. ಕೋಳಿ, ಮೀನು, ಹಂದಿಯ ಕೊಬ್ಬು ಎಲ್ಲವನ್ನೂ ಹೆಸರಿಸಿಯೇ ಬೇಡವೆನ್ನಬೇಕು. ಅಷ್ಟಾದರೆ ಕಪ್ಪು ಹುರುಳಿಕಾಯಿ ಬೀಜದ ಪಲ್ಯ, ಅನ್ನ, ಹುರಿದ ಬಾಳೆ, ಟೊಮ್ಯಾಟೊ ಚಟ್ನಿ, ಬಿಸಿಬಿಸಿ ತೋರ್ತಿಯಾಗಳಿಂದ ಹೊಟ್ಟೆ ತುಂಬುತ್ತದೆ. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳವನ್ನು ರುಬ್ಬಿ, ಆ ಹಿಟ್ಟನ್ನು ಮನೆಯಾಕೆ ಅಂಗೈಗಳ ನಡುವೆ ತಟ್ಟುವ ಸದ್ದು ಕೇಳಿದಾಗಲೆಲ್ಲ ಧಾರವಾಡದ ಕಡೆಯ ರೊಟ್ಟಿ ಬಡಿಯುವ ಸದ್ದು ನೆನಪಾಗುತ್ತಿತ್ತು. ಅಡುಗೆಮನೆಯಲ್ಲಿ ಅವರ ಪಕ್ಕ ನಿಂತು, ಏನು ಮಾಡುತ್ತಿದ್ದಾರೆ, ಯಾಕೆ ಎಂದು ಕೇಳುತ್ತಾ ಹೋದರೆ ಆಜ್ಞಾರ್ಥಕ ರೂಪಗಳೆಲ್ಲ ಪುಸ್ತಕವಿಲ್ಲದೆ ಬರುತ್ತವೆ.

ಶೆಲಾದ ಸುತ್ತಮುತ್ತ ಕಿಚೆ, ಮಾಮ್ ಮುಂತಾದ ಮಾಯಾ ಭಾಷೆಗಳನ್ನಾಡುವ ಜನ ಬಹಳ. ಅವರಲ್ಲಿ ಅನೇಕರಿಗೆ ಸ್ಪ್ಯಾನಿಷ್ ಎರಡನೆಯ ಭಾಷೆ. ಅಂಥ ಹಿರಿಯರೊಡನೆ ಮಾರುಕಟ್ಟೆಯಲ್ಲಿ ಮಾತಾಡುವಾಗ ನನಗೆ ಬಹಳ ನಿರಾಳವೆನಿಸುತ್ತಿತ್ತು. ಅವರು ನಿಧಾನವಾಗಿ, ಬಿಡಿಸಿ ಮಾತಾಡುತ್ತಿದ್ದರು, ಕಾಯುತ್ತಲೂ ಇದ್ದರು. ಮನೆಯಲ್ಲೊಂದು, ಪೇಟೆಯಲ್ಲೊಂದು ಭಾಷೆಯಾಡುವ ಅವರ ಬದುಕು ನಮಗೆ ಅಪರಿಚಿತವಲ್ಲ.

ಶಾಲೆಯನ್ನು ಆರಿಸುವಾಗ ಶುಲ್ಕದ ಎಷ್ಟು ಭಾಗ ಶಿಕ್ಷಕರಿಗೆ ತಲುಪುತ್ತದೆಂದು ಕೇಳಿ. ವಿದ್ಯಾರ್ಥಿಗಳಿಲ್ಲದ ವಾರ ಸಂಬಳವಿಲ್ಲದೆ ಕೂರುವ ಶಿಕ್ಷಕರು ಅನೇಕರಿದ್ದಾರೆ. ಶಿಕ್ಷಕರೇ ಸೇರಿ ಸಹಕಾರಿಯಾಗಿ ನಡೆಸುವ ಶಾಲೆಗಳೂ ಉಂಟು. ತಂಗುವ ದಿನಗಳ ಲೆಕ್ಕವನ್ನೂ ನೋಡಿಕೊಳ್ಳಬೇಕು. ಗ್ವಾಟೆಮಾಲಾ, ಎಲ್ ಸಾಲ್ವಡಾರ್, ಹೊಂಡುರಾಸ್, ನಿಕರಾಗುವಾ ನಾಲ್ಕೂ ದೇಶಗಳ ನಡುವಿನ ಒಪ್ಪಂದದಂತೆ ಪ್ರವಾಸಿಗರ 90 ದಿನಗಳ ಅವಧಿ ಸಾಮಾನ್ಯವಾಗಿ ನಾಲ್ಕಕ್ಕೂ ಸೇರಿ ಎಣಿಕೆಯಾಗುತ್ತದೆ. ಪ್ರಮಾಣಪತ್ರ ಬೇಕೆನ್ನುವವರು ಶಾಲೆ ಕೊಡುವ ಕಾಗದವನ್ನು ನೆಚ್ಚಿಕೊಳ್ಳದೆ ಡೆಲೆ ಎಂಬ ಸ್ಪ್ಯಾನಿಷ್ ಭಾಷಾ ಪರೀಕ್ಷೆಗೆ ಸಿದ್ಧರಾಗಬೇಕು. ಅದನ್ನು ನಡೆಸುವ, ಸ್ಪೇನ್ ಸರ್ಕಾರದ ಭಾಷಾಸಂಸ್ಥೆಯಾದ ಇನ್‌ಸ್ಟಿಟ್ಯೂಟೋ ಸೆರ್ವಾಂತೆಸ್‌ನ ಕೇಂದ್ರ ದೆಹಲಿಯಲ್ಲಿದೆ. ನಾನಂತೂ ಶೆಲಾ ಬಿಟ್ಟ ಮೇಲೂ ಅದೇ ಶಿಕ್ಷಕಿಯಿಂದ ಇಂಟರ್ನೆಟ್ ಮೂಲಕ ಪಾಠ ಮುಂದುವರಿಸಿದ್ದೇನೆ, ಶುಲ್ಕ ನೇರವಾಗಿ ಅವರಿಗೇ ಸೇರುತ್ತದೆ.